ಅಜರ ಕೀಲು

ನಿರ್ವಾತ ಕೋಣೆಯ ದಪ್ಪ ಗಾಜಿನ ಕಿಂಡಿಯೊಳಗೆ ನಸುನೇರಳೆ ಬೆಳಕು ಹೊತ್ತಿಕೊಂಡಿತು. ಅದರ ನಡುವೆ ನಿಂಬೆಹಣ್ಣಿನ ಗಾತ್ರದ ಲೋಹದ ಗುಂಡೊಂದು ಬಲು ನಿಧಾನವಾಗಿ ತಿರುಗುತ್ತಿತ್ತು. ಸದ್ದಿಲ್ಲ, ಕಿಡಿಯಿಲ್ಲ, ಹೊಗೆಯಿಲ್ಲ. ಮೈಸೂರಿನ ಮೇಲ್ಮೈ ವಿಜ್ಞಾನ ಸಂಸ್ಥೆಯ ಈ ನಾಟಿಯಂತ್ರವನ್ನು ನೋಡಲು ಬಂದ ಮಂತ್ರಿಯೊಬ್ಬರು, “ಇದು ಶುರುವಾಗೋದು ಯಾವಾಗ?” ಎಂದು ಕೇಳಿದ್ದರು. ಅಷ್ಟು ಹೊತ್ತಿಗೆ ಕೆಲಸ ಮುಗಿದೇ ಹೋಗಿತ್ತು.

ಆ ಯಂತ್ರವನ್ನು ಕಟ್ಟಿದ ಡಾ. ಸಿಂಚನಾ ಆಗ ನಗಲಿಲ್ಲ. ಕಾಣದ್ದನ್ನು ಕಾಣುವಂತೆ ಹೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅಯಾನು ಎಂದರೆ ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣು. ಕಳೆದುಕೊಂಡದ್ದರಿಂದಲೇ ಅದು ವಿದ್ಯುತ್ತಿನ ಮಾತು ಕೇಳುತ್ತದೆ. ಸಾರಜನಕದ ಇಂಥ ಅಸಂಖ್ಯ ಅಯಾನುಗಳನ್ನು ಒಂದು ಧಾರೆಯಾಗಿ ಕಟ್ಟಿ, ಭಾರೀ ವೇಗ ಕೊಟ್ಟು ಲೋಹದ ಮೈಮೇಲೆ ಹಾಯಿಸಿದರೆ ಅವು ಒಳಹೊಕ್ಕು ಅಲ್ಲೇ ನೆಲೆನಿಲ್ಲುತ್ತವೆ. ಬಳಿದ ಬಣ್ಣ ಎದ್ದುಹೋಗುತ್ತದೆ, ಕೊಟ್ಟ ಲೇಪ ಸುಲಿದುಹೋಗುತ್ತದೆ. ನಾಟಿ ಮಾಡಿದ್ದು ಹಾಗಲ್ಲ, ಗದ್ದೆಯ ಕೆಸರಲ್ಲಿ ಬೇರೂರಿದ ಪೈರಿನಂತೆ ಅದು ಲೋಹದ್ದೇ ಆಗಿಬಿಡುತ್ತದೆ. ಈ ಅಯಾನುನಾಟಿಯಿಂದ ಬದಲಾಗುವುದು ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲು ಮಾತ್ರ. ಅದರ ಕೆಳಗಿನದೆಲ್ಲ ಇದ್ದ ಹಾಗೆಯೇ ಇರುತ್ತದೆ.

ಆ ಸಾವಿರದಲ್ಲೊಂದು ಪಾಲಿನಲ್ಲೇ ಸಿಂಚನಾಳ ಆಯುಷ್ಯ ಕಳೆದಿತ್ತು. ಹರೆಯದಲ್ಲಿ ಅವಳು ಬರೆದ ಪ್ರಬಂಧ, ಅಯಾನು ಬಡಿದಾಗ ಲೋಹದ ಮೈಯಿಂದ ಪರಮಾಣುಗಳು ಯಾಕೆ, ಎಷ್ಟು, ಯಾವ ದಿಕ್ಕಿಗೆ ಚಿಮ್ಮುತ್ತವೆ ಎಂಬುದರ ಮೇಲಿತ್ತು. ನೆಂಟರಿಷ್ಟರು, “ಇದರಿಂದ ಯಾರಿಗೇನು ಉಪಯೋಗವಮ್ಮಾ?” ಎಂದು ಕೇಳುತ್ತಿದ್ದರು. ಅವಳಲ್ಲಿ ಇದ್ದದ್ದು ಒಂದು ನಂಬಿಕೆ. ಲೋಹ ಹಾಳಾಗುವುದು ಮೈಯಿಂದ. ಸವೆತ, ತುಕ್ಕು, ಬಿರುಕು ಎಲ್ಲವೂ ಶುರುವಾಗುವುದು ಅಲ್ಲೇ. ಹೊರಗಿನ ಲೋಕ ಮುಟ್ಟುವುದು ಮೈಯನ್ನು ಮಾತ್ರ. ಆ ಮೈಯನ್ನು ಗೆದ್ದರೆ ವಸ್ತುವನ್ನೇ ಗೆದ್ದಂತೆ ಎಂದು ಅವಳು ಶಿಷ್ಯರಿಗೆ ಹೇಳಿಹೇಳಿ ಅವರಿಗೆ ಅದು ಬಾಯಿಪಾಠವಾಗಿತ್ತು.

ನಡುಹರೆಯ ದಾಟುವ ಹೊತ್ತಿಗೆ ಆ ಮೈ ಕೈಗೆ ಸಿಕ್ಕಿತು. ಉಜ್ಜಿದರೆ ಸವೆಯದ, ರಕ್ತದಲ್ಲಿ ಕರಗದ, ಬೆಂಕಿಗೂ ಬಗ್ಗದ ಮೈ. ಆಗಿನ ಕಾಲದಲ್ಲಿ ಸೊಂಟಕ್ಕೆ ಹಾಕುತ್ತಿದ್ದ ಕೃತಕ ಕೀಲುಗಳು ಹದಿನೈದು ಇಪ್ಪತ್ತು ವರ್ಷಕ್ಕೆ ಸವೆದುಹೋಗುತ್ತಿದ್ದವು. ಎಂಬತ್ತು ದಾಟಿದವರನ್ನು ಮತ್ತೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಬೇಕಾಗುತ್ತಿತ್ತು. ಸಿಂಚನಾಳ ಯಂತ್ರದಿಂದ ಹೊರಬಂದ ಕೀಲಿಗೆ ಆ ಕಾಟವಿರಲಿಲ್ಲ. ಸಂಸ್ಥೆ ಅದಕ್ಕೆ ‘ಅಜರ ಕೀಲು’ ಎಂದು ಹೆಸರಿಟ್ಟಿತು, ಜನ ‘ಗುಂಡು’ ಎಂದರು. ಒಮ್ಮೆ ಹಾಕಿದರೆ ಜೀವಮಾನವಿಡೀ ಸಾಕು ಎಂದು ಆಸ್ಪತ್ರೆಗಳ ಗೋಡೆಗಳ ಮೇಲೆ ಬರೆಸಿದರು.

ಅದು ನಿಜವೇ ಆಗಿತ್ತು. ಆದರೆ ಯಾರ ಜೀವಮಾನ ಎಂದು ಸಂಸ್ಥೆಯಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ. ನಡೆಯುವ ಯಂತ್ರಗಳಿಗೆ ಕೀಲನ್ನು ಜೋಡಿಸಿ ವರ್ಷಗಟ್ಟಲೆ ನಡೆಸಿ ನೋಡಿದ್ದರು. ನಡೆಯುವವನು ನಿಂತ ಮೇಲೆ ಕೀಲಿನ ಗತಿ ಏನು ಎಂಬ ಪರೀಕ್ಷೆ ಅವರ ಯೋಚನೆಗೇ ಬಂದಿರಲಿಲ್ಲ.

ಸಿಂಚನಾಳಿಗೆ ಅದು ತಿಳಿದದ್ದು ತನ್ನ ಮನೆಯಲ್ಲೇ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಅವಳ ಗಂಡ ಸುಹಾಸ, ಮೊದಮೊದಲು ಗುಂಡು ಹಾಕಿಸಿಕೊಂಡವರಲ್ಲಿ ಒಬ್ಬ. ಹೋದ ವರ್ಷ ಅವನು ತೀರಿಕೊಂಡ. ಮೂರನೆಯ ದಿನ ಅಸ್ಥಿ ಆಯಲು ಹೋದಾಗ ಬೂದಿಯ ನಡುವೆ ಆ ಗುಂಡು ಈಗಷ್ಟೇ ಯಂತ್ರದಿಂದ ತೆಗೆದಿಟ್ಟಂತೆ ಹೊಳೆಯುತ್ತಿತ್ತು. ಪುರೋಹಿತರು ಅರೆಗಳಿಗೆ ಯೋಚಿಸಿ, “ಅಸ್ಥಿಯ ಜಾಗದಲ್ಲಿ ಇದ್ದದ್ದು ಅಸ್ಥಿಯೇ. ಕುಡಿಕೆಗೆ ಹಾಕಿ” ಎಂದರು. ಎಲ್ಲರೂ ಹಾಗೇ ಮಾಡುತ್ತಿದ್ದರು. ಮೈದುನ ಅದನ್ನು ಕುಡಿಕೆಗೆ ಹಾಕಿದ. ಬಾಯಿಗೆ ಬಟ್ಟೆ ಕಟ್ಟುವ ಹೊತ್ತಿಗೆ ಸಿಂಚನಾ ಯಾರ ಕಣ್ಣಿಗೂ ಬೀಳದಂತೆ ಅದನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಂದಿನಿಂದ ಅದು ಅವಳ ಓದುವ ಮೇಜಿನ ಮೇಲಿತ್ತು. ಏನಾದರೂ ಓದುವಾಗ, ಫೋನಿನಲ್ಲಿ ಮಾತಾಡುವಾಗ ಅದು ತಾನಾಗಿ ಅವಳ ಅಂಗೈಗೆ ಬರುತ್ತಿತ್ತು. ಅವನ ಮೈಯಲ್ಲಿ ತಾನು ಮಾಡಿದ್ದು ಇಷ್ಟೇ ಇಷ್ಟು, ಈಗ ಉಳಿದಿರುವುದೂ ಅಷ್ಟೇ ಎಂದು ಅವಳಿಗೆ ಅನ್ನಿಸುತ್ತಿತ್ತು. ವಿಜ್ಞಾನಿಯಾದವಳು ಹೀಗೆಲ್ಲ ಯೋಚಿಸಬಾರದೆಂದು ಗೊತ್ತಿದ್ದರೂ ಯೋಚನೆ ಬರುವುದೇನೂ ನಿಲ್ಲಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಸಂಸ್ಥೆಯಲ್ಲಿ ಅವಳ ಕೋಣೆಯ ಬಾಗಿಲಲ್ಲಿ ಅರವತ್ತರ ಆಸುಪಾಸಿನ ಗಂಡಸೊಬ್ಬ ಬಂದು ನಿಂತ. ಹೆಗಲ ಮೇಲೆ ಗೋಣಿಚೀಲ. ಹೆಸರು ಲೋಹಿತ, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ದೋಣಿ ನಡೆಸುವವನು. ಅಸ್ಥಿ ಬಿಡಲು ಬಂದವರನ್ನು ನಡುನೀರಿಗೆ ಕರೆದೊಯ್ಯುವುದು ಅವನ ಕೆಲಸ.

“ಈ ಗುಂಡು ಮಾಡೋ ಮೇಡಮ್ಮು ನೀವೇಯಾ?”

“ಹೌದು. ಬನ್ನಿ, ಕೂತ್ಕೊಳ್ಳಿ.”

“ಕೂತ್ಕೊಳ್ಳಾಕೆ ಬಂದಿಲ್ಲ. ನಿಮ್ಮ ಮಾಲು ನಿಮ್ಗೆ ಒಪ್ಪಿಸೋಗಾನ ಅಂತ ಬಂದೆ” ಎಂದು ಅವನು ಚೀಲವನ್ನು ನೆಲದ ಮೇಲೆ ಸುರಿದ. ಹತ್ತಾರು ಗುಂಡುಗಳು ನೆಲದ ತುಂಬ ಉರುಳಿ ಮೇಜು ಕುರ್ಚಿಗಳ ಕೆಳಗೆ ಹೋಗಿ ನಿಂತವು. ಒಂದರ ಮೇಲೂ ಗೀರು ಇರಲಿಲ್ಲ.

“ಮೂಳೆ ಆದ್ರೆ ಹೊಳೇಲಿ ಕರಗೋಯ್ತದೆ” ಎಂದ ಲೋಹಿತ. “ಇವು ಕರಗಾಕಿಲ್ಲ. ತುಕ್ಕೂ ಹಿಡಿಯಾಕಿಲ್ಲ, ಪಾಚಿನೂ ಕಟ್ಟಾಕಿಲ್ಲ. ಬ್ಯಾಸಿಗೇಲಿ ನೀರು ತಗ್ಗಿದ್ರೆ ಮೆಟ್ಲು ಸಂದೀಲೆಲ್ಲ ಬಂದು ಕುಂತ್ಕತವೆ. ಪಾಚಿ ಇದ್ರೆ ಹಸ್ರುಗೆ ಕಾಣ್ತದೆ, ಜನ ಉಸಾರಾಗಿ ಕಾಲಿಕ್ತಾರೆ. ಇವು ನೀರೊಳ್ಗೆ ಕಾಣಾದೇ ಇಲ್ಲ. ಮ್ಯಾಲೆ ಕಾಲಿಕ್ಕುದ್ರೋ, ಮುಗೀತು.”

“ಯಾರಾದ್ರೂ ಬಿದ್ರಾ?” ಸಿಂಚನಾಳ ದನಿ ತಗ್ಗಿತು.

“ಬಿದ್ದೋರಿಗೇನು ಬರವಾ? ಈಗ ನಮ್ಮನೆಯವ್ಳೂ ಬಿದ್ಲು. ಸೊಂಟದ ಕೀಲೇ ಮುರ್ದೋಗದೆ. ದೊಡ್ಡಾಸ್ಪತ್ರೇಲಿ ಗುಂಡು ಹಾಕ್ಬೇಕು ಅಂದ್ರು. ಹಾಕಿ ಸ್ವಾಮಿ ಅಂದ್ರೆ, ಇಲ್ಲ, ಎರಡು ವರ್ಸ ಕಾಯ್ಬೇಕು ಅಂತವ್ರೆ.”

ಸಿಂಚನಾ ನೆಲದ ಮೇಲಿನ ಗುಂಡುಗಳನ್ನು ನೋಡುತ್ತ ಕುಳಿತಳು. ನಡೆಯಲಾರದವರು ನಡೆಯಲಿ ಎಂದು ಮಾಡಿದ್ದು ನಡೆಯುವವರನ್ನು ಕೆಡವುತ್ತಿತ್ತು. ಎರಡು ವರ್ಷದ ಸಂಗತಿ ಅವಳಿಗೆ ಗೊತ್ತಿತ್ತು. ಗುಂಡಿಗೆ ಬೇಕಾದ ಕೋಬಾಲ್ಟ್ ಲೋಹವನ್ನು ಲೋಕದ ಬ್ಯಾಟರಿಗಳೆಲ್ಲ ನುಂಗಿ ಹಾಕಿ, ಗಣಿಗಳು ಬರಿದಾಗಿ, ಸಂಸ್ಥೆಗೆ ಬರುವ ಲೋಹ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಆ ವಯಸ್ಸಿನವರು ಎರಡು ವರ್ಷ ಹಾಸಿಗೆ ಹಿಡಿದರೆ ಆಮೇಲೆ ಏಳುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಅವಳು ಬಗ್ಗಿ ಒಂದು ಗುಂಡನ್ನು ಎತ್ತಿಕೊಂಡಳು. “ಲೋಹಿತ ಅವರೇ, ಇದರಲ್ಲೇ ಒಂದನ್ನ ನಿಮ್ಮ ಮನೆಯವರಿಗೆ ಹಾಕಬಹುದು.”

ಲೋಹಿತ ಎರಡು ಹೆಜ್ಜೆ ಹಿಂದೆ ಸರಿದ. “ಏನಂತ ಮಾತಾಡೀರಿ! ಸುಡುಗಾಡಿಂದ ಬಂದಿದ್ದನ್ನ ಬದುಕಿರೋ ಎಂಗ್ಸಿನ ಮೈಯೊಳಕ್ಕೆ ಇಕ್ಕೀರಾ?”

“ಹಾಗೇ ಹಾಕೋದಲ್ಲ. ಅದೇ ಯಂತ್ರವನ್ನ ಬೇರೆ ರೀತಿ ನಡೆಸಬಹುದು. ಭಾರವಾದ ಅಯಾನುಗಳನ್ನ ನಿಧಾನವಾಗಿ ಹಾಯಿಸಿದರೆ ಅವು ಒಳಗೆ ಹೋಗೋದಿಲ್ಲ. ಮೇಲಿರೋ ಪರಮಾಣುಗಳನ್ನ ಎಬ್ಬಿಸಿ ಎಸೀತವೆ. ನಾವು ಅದನ್ನ ಚಿಮ್ಮಿಕೆ ಅಂತೀವಿ. ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ತೆಗೆದು, ಕೆಳಗೆ ಹೊಸ ಲೋಹ ಬಂದ ಮೇಲೆ ಮತ್ತೆ ನಾಟಿ ಮಾಡಿದರೆ ಅದು ಹೊಸ ಗುಂಡೇ. ಬೆಂಕಿ ಮುಟ್ಟಿದ್ದು, ಹೊಳೆ ಮುಟ್ಟಿದ್ದು, ಆ ಮನುಷ್ಯ ಮುಟ್ಟಿದ್ದು, ಯಾವುದೂ ಇರೋದಿಲ್ಲ.”

“ಯಾವ್ದೂ ಇರಾಕಿಲ್ವಾ?”

“ಇರೋದಿಲ್ಲ. ಮುಟ್ಟಿದ್ದೆಲ್ಲ ಇರೋದು ಮೇಲಿನ ಪದರದಲ್ಲಿ ಮಾತ್ರ.” ಈ ಮಾತನ್ನು ಅವಳು ನೂರಾರು ಸಲ ಹೇಳಿದ್ದಳು. ಈ ಸಲ ಹೇಳುವಾಗ ಮಾತ್ರ ಅವಳ ಕಣ್ಣು ಕೈಯಲ್ಲಿದ್ದ ಗುಂಡನ್ನು ಬಿಟ್ಟು ಏಳಲಿಲ್ಲ.

ಆಸ್ಪತ್ರೆಯ ಮೂಳೆವೈದ್ಯರು ಮೊದಲು ಮುಖ ಸಿಂಡರಿಸಿದರು. ಸಿಂಚನಾ ಪರೀಕ್ಷೆಯ ಫಲಿತಾಂಶಗಳನ್ನು ಮುಂದಿಟ್ಟ ಮೇಲೆ, ರೋಗಿ ಒಪ್ಪಿದರೆ ಒಂದು ಪ್ರಯೋಗವಾಗಿ ಮಾಡೋಣ ಎಂದರು. ಒಪ್ಪಿಸುವ ಹೊಣೆ ಸಿಂಚನಾಳ ಮೇಲೆಯೇ ಬಿತ್ತು.

ಲೋಹಿತನ ಹೆಂಡತಿ ರಮ್ಯಾ ಹೊಳೆಯ ಮೆಟ್ಟಿಲ ಮೇಲೆ ಹೂವು, ಅರಿಸಿನ ಕುಂಕುಮ ಮಾರುತ್ತಿದ್ದವಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಿಡಿದಿದ್ದಳು. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಅವಳು ಸಿಂಚನಾಳ ಮಾತನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು.

“ನೀವು ಕಲ್ತೋರು, ಸುಳ್ಳು ಹೇಳಾಕಿಲ್ಲ. ಸುಲುದ್ರೆ ಹೊಸದಾಯ್ತದೆ ಅಂದ್ರೆ ಆಯ್ತದೆ. ನಂಗೆ ಹೆಣದ ಮಯ್ಲಿಗೆ ಭಯ ಇಲ್ಲ ಕಣಕ್ಕ, ಹುಟ್ಟುದಾಗ್ಲಿಂದ ಈ ದಂಡೇಲೇ ಇದ್ದೀನಿ. ಆದ್ರೆ ಹೊಳೆಗೆ ಕೊಟ್ಟಿದ್ದ ವಾಪಸ್ ಈಸ್ಕೊಳ್ಳಾದಿಲ್ಲ. ಅವ್ರ ಮನೆಯೋರು ಅತ್ಕೊಂಡು, ಇನ್ ನಮ್ದಲ್ಲ ಅಂತ ಕೈ ಬುಟ್ಟು, ಹಿಂದಕ್ಕೆ ತಿರುಗಿ ನೋಡ್ದೆ ಹೋಗವ್ರೆ. ನಾನದ್ನ ಸೊಂಟದಲ್ಲಿ ಇಕ್ಕೊಂಡ್ರೆ ಕದ್ದಂಗಾಯ್ತದೆ.”

“ನೀವು ಏಳೋದೇ ಇಲ್ಲ ರಮ್ಯಾ, ಹೀಗೇ ಬಿಟ್ಟರೆ.”

“ಗೊತ್ತು.” ರಮ್ಯಾ ಕಿಟಕಿಯ ಕಡೆ ನೋಡಿದಳು. “ಹೊಳೆಗೆ ಬುಡೋಕ್ ಮುಂಚೆ ಯಾರಾರ ಅವ್ರ ಕೈಯಾರ, ತಗೋ, ನೀನು ನಡಿ ಅಂತ ಕೊಟ್ರೆ ಅದು ಬ್ಯಾರೆ ಮಾತು. ಈಸ್ಕೊಂಡು ಬದುಕ್ತೀನಿ. ಅಂಥೋರು ಯಾರವ್ರೆ ಹೇಳಿ? ಎಲ್ಲಾರೂ ತಂದು ಹೊಳೆಗೇ ಬುಡ್ತಾರೆ.”

ಹೊಳೆಗೆ ಬಿಡದ ಗುಂಡು ಈ ಸೀಮೆಯಲ್ಲೆಲ್ಲ ಒಂದೇ ಒಂದು ಇದ್ದೀತು. ಅದು ಎಲ್ಲಿದೆಯೆಂದು ಗೊತ್ತಿದ್ದವಳೂ ಸಿಂಚನಾ ಒಬ್ಬಳೇ.

ಅಂದು ಮನೆಗೆ ಬಂದವಳು ಮೇಜಿನ ಮುಂದೆ ಸುಮ್ಮನೆ ಕುಳಿತಳು. ಕೊಡಲಾರೆ ಎಂದು ಮನಸ್ಸು ಖಡಾಖಂಡಿತವಾಗಿ ಹೇಳಿತು. ಬೇರೆ ಯಾರಾದರೂ ಮನೆಯವರನ್ನು ಕೇಳಿ ನೋಡೋಣ, ಇಂದೋ ನಾಳೆಯೋ ಯಾರಾದರೂ ಸಾಯದೇ ಇರುತ್ತಾರೆಯೇ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆ ಬಂತು. ಎರಡು ದಿನ ಆಸ್ಪತ್ರೆಯಿಂದ ಬಂದ ಫೋನು ಎತ್ತಲಿಲ್ಲ. ಕುಡಿಕೆಯಿಂದ ಕದ್ದವಳು ತಾನು, ಕದಿಯಲಾರೆನೆಂದು ಮಂಚದ ಮೇಲೆ ಮಲಗಿದವಳು ರಮ್ಯಾ. ಈ ಯೋಚನೆ ಅವಳನ್ನು ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸಂಸ್ಥೆಗೆ ಹೊರಟಳು.

ಲೋಹಿತನನ್ನು ಬರಹೇಳಿದ್ದಳು. ತನ್ನ ಹೆಂಡತಿಯ ಮೈ ಸೇರುವುದನ್ನು ಅವನು ಕಣ್ಣಾರೆ ನೋಡಲಿ ಎಂಬುದು ನೆವ. ನಿಜವೆಂದರೆ ಆ ಹೊತ್ತಿನಲ್ಲಿ ಒಬ್ಬಳೇ ಇರುವ ಧೈರ್ಯ ಅವಳಿಗಿರಲಿಲ್ಲ. ಗುಂಡನ್ನು ನಿರ್ವಾತ ಕೋಣೆಯೊಳಗಿಟ್ಟು, ಗಾಳಿಯನ್ನೆಲ್ಲ ಹೀರಿ ತೆಗೆಸಿ, ಅಯಾನುಗಳ ವೇಗವನ್ನು ಇಳಿಸಿದಳು. ಚಿಮ್ಮಿ ಬರುವ ಪರಮಾಣುಗಳನ್ನು ಹಿಡಿದು, ತೂಗಿ, ಇದು ಇಂಥದ್ದು ಎಂದು ಹೇಳುವ ತೂಕಯಂತ್ರವನ್ನೂ ಜೋಡಿಸಿದಳು. ಪೂರ್ತಿ ಸುಲಿದಿದೆಯೇ ಇಲ್ಲವೇ ಎಂದು ತಿಳಿಯುವ ದಾರಿ ಅದೊಂದೇ. ಇಷ್ಟನ್ನೂ ಲೋಹಿತನಿಗೆ ಪಾಠ ಹೇಳುವಂತೆ ಹೇಳಿದಳು. ಹೇಳಿ ಮುಗಿದ ಮೇಲೆ ಬೆರಳು ಯಂತ್ರ ಶುರುಮಾಡುವ ಗುಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು.

“ಯಾಕವ್ವ? ಏನಾರ ಕೆಟ್ಟೋಯ್ತಾ?”

“ಇಲ್ಲ.” ಅವಳು ಗಾಜಿನ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. “ಅದು ನಮ್ಮನೆಯವರದ್ದು.”

ಲೋಹಿತ ತಲೆಯ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಬ್ಯಾಡ ಬುಡಿ ಅವ್ವ. ಹೊಟ್ಟೆ ಉರ್ಕೊಂಡು ಕೊಟ್ಟಿದ್ದು ಅವ್ಳಿಗೂ ಬ್ಯಾಡ. ನಾನು ಹೇಳ್ಕೊತೀನಿ.”

ಅವನು ಹಾಗೆ ಅಂದದ್ದೇ ತಡ ಸಿಂಚನಾ ಗುಂಡಿ ಒತ್ತಿದಳು.

ನೇರಳೆ ಬೆಳಕು ಹೊತ್ತಿಕೊಂಡಿತು. ಪರದೆಯ ಮೇಲೆ ಮೊದಲ ಗೆರೆಗಳು ಎದ್ದವು. ಸೋಡಿಯಂ, ಕ್ಲೋರಿನ್, ಒಂದಿಷ್ಟು ಎಣ್ಣೆಯಂಶ. ಎಂದರೆ ಉಪ್ಪು ಮತ್ತು ಜಿಡ್ಡು. ಬೆಂಕಿಯಲ್ಲಿ ಬೆಂದು ಬಂದ ಲೋಹದ ಮೇಲೆ ಎಲ್ಲಕ್ಕಿಂತ ಮೇಲೆ ಉಪ್ಪು ಹೇಗೆ ಬಂತು ಎಂದು ಅವಳು ಹುಬ್ಬುಗಂಟಿಕ್ಕಿದಳು. ಮರುಕ್ಷಣ ತಿಳಿಯಿತು. ಅದು ಅವಳ ಅಂಗೈಯ ಬೆವರು. ವರ್ಷವಿಡೀ ಅವನನ್ನು ಮುಟ್ಟುತ್ತಿದ್ದೇನೆಂದುಕೊಂಡು ಅವಳು ಮುಟ್ಟಿದ್ದು ತನ್ನನ್ನೇ.

ಉಪ್ಪು ಇಳಿಯಿತು. ಇಂಗಾಲ ಬಂತು, ಅದು ಚಿತೆಯ ಕಟ್ಟಿಗೆಯದು. ಅದೂ ಇಳಿಯಿತು. ಅದರಡಿಯಿಂದ ಸುಣ್ಣದ ಮತ್ತು ರಂಜಕದ ಗೆರೆಗಳು ಜೊತೆಜೊತೆಯಾಗಿ ಮೇಲೆದ್ದವು. ಮನುಷ್ಯನ ಮೂಳೆ ಆಗಿರುವುದು ಬಹುಪಾಲು ಅವೆರಡರಿಂದಲೇ.

“ಇವರೇ” ಎಂದಳು ಸಿಂಚನಾ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಲೋಹಿತ ಪರದೆಗೆ ಕೈಮುಗಿದ. ಎರಡು ಗೆರೆಗಳೂ ಸ್ವಲ್ಪ ಹೊತ್ತು ಹಾಗೇ ಇದ್ದು, ನಿಧಾನವಾಗಿ ಬಾಗಿ, ತಳ ಸೇರಿದವು. ಆಮೇಲೆ ಬಂದದ್ದು ಕೋಬಾಲ್ಟ್ ಮತ್ತು ಅದರೊಳಗೆ ಎಂದೋ ಅವಳೇ ನೆಟ್ಟ ಸಾರಜನಕ.

ಯಂತ್ರ ತಾನಾಗಿ ನಿಂತಿತು. ಗುಂಡು ಈಗ ಯಾರದ್ದೂ ಆಗಿರಲಿಲ್ಲ. ಇನ್ನು ಹೊಸ ನಾಟಿಯೊಂದು ಬಾಕಿ. ಸಿಂಚನಾ ಅದಕ್ಕೆ ಅಣಿ ಮಾಡುತ್ತಿದ್ದಾಗ ಲೋಹಿತ ಕೇಳಿದ, “ಅವ್ವ, ಸುಲ್ದಿದ್ದೆಲ್ಲ ಎಲ್ಲೋಯ್ತು?”

“ಎಲ್ಲಿಗೆ ಅಂದರೆ?”

“ಈರುಳ್ಳಿ ಸುಲುದ್ರೆ ಸಿಪ್ಪೆ ಬೀಳ್ತದಲ್ವಾ?”

ಅವಳು ಕೆಲಸ ನಿಲ್ಲಿಸಿದಳು. ಪರಮಾಣುಗಳು ಯಾಕೆ ಚಿಮ್ಮುತ್ತವೆ, ಎಷ್ಟು ಚಿಮ್ಮುತ್ತವೆ, ಯಾವ ದಿಕ್ಕಿಗೆ ಚಿಮ್ಮುತ್ತವೆ ಎಂದು ಹರೆಯದಲ್ಲೇ ಬರೆದವಳು ಅವಳು. ಚಿಮ್ಮಿದ್ದು ಎದುರಿನ ಗೋಡೆಗೆ ಹೋಗಿ ಅಂಟುತ್ತದೆ. ಕೋಣೆ ಕೊಳೆಯಾಗದಿರಲೆಂದು ಒಳಗೋಡೆಗೆ ತೆಳ್ಳನೆಯ ತಗಡು ಹೊದಿಸಿರುತ್ತಾರೆ. ಅದಕ್ಕೆ ಕೊಳೆತಗಡು ಎಂದೇ ಹೆಸರು. ಆಗಾಗ ಬಿಚ್ಚಿ ಮುದುರಿ ಕಸಕ್ಕೆ ಹಾಕುವುದು ರೂಢಿ. ಅವಳೇ ಎಷ್ಟೋ ಸಲ ಹಾಕಿದ್ದಳು.

“ಗೋಡೆಯ ತಗಡಿಗೆ ಅಂಟಿಕೊಂಡಿರುತ್ತೆ” ಎಂದಳು.

“ಹಂಗಾದ್ರೆ ಅದ್ನ ಹೊಳೆಗೆ ಬುಡಬೇಕಲ್ವಾ?” ಅದರಲ್ಲಿ ಕೇಳುವುದೇನಿದೆ ಎಂಬಂತಿತ್ತು ಲೋಹಿತನ ದನಿ.

ನಾಟಿಗೆ ಮುಂಚೆ ಅವಳು ಕೋಣೆ ತೆರೆದು ತಗಡನ್ನು ತನ್ನ ಕೈಯಾರೆ ಬಿಚ್ಚಿದಳು. ಅದರ ಮೇಲೆ ಕಂಡೂ ಕಾಣದ ಕಂದು ಛಾಯೆಯೊಂದಿತ್ತು. ಹೆಸರು ಬರೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಳು.

ಸಿಂಚನಾ ತನ್ನ ಕೈಯಾರೆ ಕೊಟ್ಟ ಗುಂಡು ರಮ್ಯಾಳ ಸೊಂಟ ಸೇರಿತು. ತಗಡಿನ ಸಂಗತಿಯನ್ನು ಗಂಡನಿಂದ ಕೇಳಿ ಆಕೆ ಆಸ್ಪತ್ರೆಯಿಂದಲೇ ಹೇಳಿಕಳಿಸಿದಳು: ನಾನು ನಡೆಯೋವರೆಗೂ ಕಾಯಿರಿ, ಒಟ್ಟಿಗೆ ಹೋಗಿ ಬಿಡೋಣ. ಸಿಂಚನಾ ಕಾದಳು.

ಆ ನಡುವೆ ಯಾರೂ ಎಣಿಸದ್ದು ನಡೆಯಿತು. ಕೋಲೂರಿಕೊಂಡು ಹೂವಿನ ಬುಟ್ಟಿಯ ಮುಂದೆ ಮತ್ತೆ ಬಂದು ಕುಳಿತ ರಮ್ಯಾ, ಕುಡಿಕೆ ಹಿಡಿದು ಮೆಟ್ಟಿಲಿಳಿಯುವವರನ್ನೆಲ್ಲ ಕರೆದು ತನ್ನ ಕಥೆ ಹೇಳತೊಡಗಿದಳು. ಕೆಲವರು ಬೈದು ಹೋದರು. ಕೆಲವರು ಕುಡಿಕೆಯ ಬಟ್ಟೆ ಬಿಚ್ಚಿ ಗುಂಡನ್ನು ತೆಗೆದಿಟ್ಟು, ಅದನ್ನು ಹಿಡಿದು ಮೈಸೂರಿಗೆ ಬಂದರು. ಅವರೆಲ್ಲ ಕೇಳಿದ್ದು ಒಂದನ್ನೇ, ಸುಲಿದ ತಗಡು ನಮಗೆ ಕೊಡುತ್ತೀರಾ ಎಂದು. ಪುರೋಹಿತರಲ್ಲಿ ಎರಡು ಪಂಗಡವಾಗಿ ವಾದ ನಡೆದು, ಕೊನೆಗೆ ಹೆಚ್ಚಿನವರು ಒಪ್ಪಿದರು. ಕೊಳೆತಗಡು ಎಂಬ ಹೆಸರು ಸಂಸ್ಥೆಯಲ್ಲಿ ಯಾರೂ ಹೇಳದೆಯೇ ಬಿದ್ದುಹೋಯಿತು, ಜನ ಅದನ್ನು ಅಸ್ಥಿತಗಡು ಎಂದರು. ನೀರಲ್ಲಿ ಬೇಗ ಕರಗುವ ಲೋಹದಿಂದ ಅದನ್ನು ಮಾಡಲು ಸಿಂಚನಾಳ ಶಿಷ್ಯರು ಟೊಂಕಕಟ್ಟಿ ನಿಂತರು. ಸವೆಯದ ಮೈಗಾಗಿ ಅಷ್ಟು ವರ್ಷ ದುಡಿದ ಸಂಸ್ಥೆ ಕರಗುವ ಮೈಯೊಂದನ್ನು ಹುಡುಕಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಕಾಯುವವರ ಸಾಲು ಚಿಕ್ಕದಾಯಿತು.

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಮೂವರೂ ದೋಣಿಯಲ್ಲಿ ಹೋದರು. ರಮ್ಯಾ ಕೋಲಿಲ್ಲದೆ ಮೆಟ್ಟಿಲಿಳಿದು ಬಂದಿದ್ದಳು. ಲೋಹಿತ ನಡುನೀರಿನಲ್ಲಿ ಹುಟ್ಟು ನಿಲ್ಲಿಸಿದ. ಸಿಂಚನಾ ಬಟ್ಟೆ ಬಿಚ್ಚಿ ತಗಡನ್ನು ಕೈಗೆತ್ತಿಕೊಂಡಳು. ಅದರಲ್ಲಿ ಅವನ ಮೂಳೆಯ ಸುಣ್ಣವಿತ್ತು, ಚಿತೆಯ ಮಸಿಯಿತ್ತು, ಅವಳ ಕೈಯ ಉಪ್ಪೂ ಇತ್ತು. ಅವೀಗ ಬೇರೆ ಬೇರೆ ಪದರಗಳಾಗಿರಲಿಲ್ಲ. ಚಿಮ್ಮಿದ ಪರಮಾಣುಗಳು ಗೋಡೆಯ ಮೇಲೆ ಬೆರೆತುಹೋಗುತ್ತವೆ, ಅವನ್ನು ಬೇರ್ಪಡಿಸುವ ಯಂತ್ರ ಯಾವುದೂ ಇಲ್ಲ. ಅವನನ್ನು ಒಬ್ಬನನ್ನೇ ಕಳಿಸುತ್ತಿಲ್ಲವಲ್ಲ ಎಂದು ಅವಳಿಗೆ ಮೊದಲ ಸಲ ಸಮಾಧಾನವಾಯಿತು. ಬಗ್ಗಿ ನೀರಿಗೆ ಬಿಟ್ಟಳು. ತಗಡು ಸ್ವಲ್ಪ ದೂರ ತೇಲಿ ಮುಳುಗಿತು.

ದಂಡೆಗೆ ಬಂದ ಮೇಲೆ ರಮ್ಯಾ ಮೊದಲ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು. ಸಿಂಚನಾ ಅದನ್ನು ಹಿಡಿದು ದೋಣಿಯಿಂದ ಇಳಿದಳು.

“ಅಕ್ಕ, ಯಜಮಾನ್ರು ಹೆಂಗ್ ನಡೀತಿದ್ರು?”

“ಬಿರಬಿರ ಅಂತ. ಎಲ್ಲಿಗೆ ಹೋದರೂ ನನ್ನನ್ನ ಹಿಂದೆ ಬಿಟ್ಟು ಹೋಗಿಬಿಡೋರು. ನಾನು ಕೂಗ್ತಾ ಓಡಬೇಕು.”

“ನಾನು ನಿಧಾನ” ಎಂದಳು ರಮ್ಯಾ. “ನೀವು ಜೊತೇಲೇ ಬರ್ಬೋದು.”

ಸಿಂಚನಾ ಅವಳ ಕೈ ಬಿಡಲಿಲ್ಲ. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರು.